ಕಬಿನಿ ಸಫಾರಿ: ಗಾಡಿ, ಊಟ, ಗೈಡು, ಮತ್ತೆ ಗೈಡು ಹೇಳದ ಹಾಡಿಗಳು

ಬೇಸಿಗೆ ರಜೆ ಹತ್ತಿರ ಬಂದರೆ ಸಾಕು, ಕಬಿನಿಗೆ ಹೋಗಬಹುದಾ, ಕೊಟ್ಟ ದುಡ್ಡಿಗೆ ಮೋಸ ಇಲ್ಲವಾ ಅಂತ ಕೇಳುವವರು ಶುರುವಾಗುತ್ತಾರೆ. ನಾನು ಹೋಗಿ ಬಂದದ್ದು 2025ರ ಏಪ್ರಿಲ್‌ನಲ್ಲಿ. ಜೊತೆಗೆ ನಮ್ಮ ಯಜಮಾನರು, ಅತ್ತೆ, ಮಗಳು. ಅದೇ ವರ್ಷ ನವೆಂಬರ್‌ನಲ್ಲಿ ಹುಲಿ ದಾಳಿಗೆ ಜನ ಸತ್ತ ಮೇಲೆ ಕಬಿನಿ ಸಫಾರಿ ನಡೆಯುವ ನಾಗರಹೊಳೆ, ಪಕ್ಕದ ಬಂಡೀಪುರ ಎರಡೂ ಕಡೆ ಸಫಾರಿ ನಿಲ್ಲಿಸಿದ್ದರು. ಹಾಗಾಗಿ ಸಮಯ, ದರ ಎಲ್ಲ ಈಗ ಹೇಗಿದೆ ಅಂತ ವಿಚಾರಿಸಿಕೊಂಡೇ ಬುಕ್ ಮಾಡಿ. ನಾವು ಉಳಿದಿದ್ದ ರೆಸಾರ್ಟಿನ ಹೆಸರು ಹೇಳುವುದಿಲ್ಲ. ಕಾರಣ ಮುಂದೆ ಓದಿದರೆ ಗೊತ್ತಾಗುತ್ತದೆ. ನಾನು ಬೈಯುವ ವಿಷಯ ಒಂದೇ ರೆಸಾರ್ಟಿಗೆ ಸೇರಿದ್ದಲ್ಲ.

ಮೊದಲು ಒಳ್ಳೆಯದು. ಗಾಡಿ ಚೆನ್ನಾಗಿತ್ತು. ಸೀಟು ಎತ್ತರ, ಮುಂದೆ ಕೂತವರ ತಲೆ ಅಡ್ಡ ಬರುವುದಿಲ್ಲ. ಬೆಳಗ್ಗೆ ಹೊರಡುವಾಗ ಕಂಬಳಿ ಕೊಟ್ಟರು, ಏಪ್ರಿಲ್‌ನಲ್ಲೂ ಅದು ಬೇಕಾಯಿತು. ಡ್ರೈವರ್ ಹುಡುಗ ಅಲ್ಲಿಯವನೇ. ಮುಸುವ ಒಂದು ಸಲ ಕೆಮ್ಮಿದರೆ ಗಾಡಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ ಕಿವಿ ಕೊಡುತ್ತಿದ್ದ. "ಇದು ಹುಲಿಗೆ ಅಲ್ಲ ಸರ್, ಚಿರತೆಗೆ. ಮರ ನೋಡಿ" ಅಂದ. ಎರಡು ನಿಮಿಷದಲ್ಲಿ ಮತ್ತಿ ಮರದ ಕವಲಲ್ಲಿ ಬಾಲ ಇಳಿಬಿಟ್ಟುಕೊಂಡು ಮಲಗಿದ್ದ ಚಿರತೆ ಕಾಣಿಸಿತು. ಅದನ್ನು ತೋರಿಸಿದ್ದು ಗೈಡ್ ಅಲ್ಲ, ಡ್ರೈವರ್. ಇದನ್ನು ನೆನಪಿಟ್ಟುಕೊಳ್ಳಿ. ಆನೆ ಅಂತೂ ಲೆಕ್ಕ ಇಲ್ಲ. ಬೇಸಿಗೆಯಲ್ಲಿ ಹಿನ್ನೀರು ಇಳಿದು ದಡದಲ್ಲಿ ಹಸಿರು ಹುಲ್ಲು ಬರುತ್ತದೆ, ಸುತ್ತಲಿನ ಕಾಡಿನ ಆನೆಗಳೆಲ್ಲ ಅಲ್ಲಿಗೇ ಬರುತ್ತವೆ. ಮರಿಗಳನ್ನು ನಡುವೆ ಹಾಕಿಕೊಂಡು ನೀರಿಗಿಳಿಯುವ ಹಿಂಡು ನೋಡಿ ನಮ್ಮ ಅತ್ತೆ ಕೈ ಮುಗಿದೇ ಬಿಟ್ಟರು. ಹುಲಿ ಸಿಗಲಿಲ್ಲ. ಹುಲಿ ಸಿಗಲಿಲ್ಲ ಅಂತ ಒಂದು ಸ್ಟಾರ್ ಕೊಡುವವರ ಜೊತೆ ನಾನಿಲ್ಲ, ಅದೇನು ಹೋಟೆಲಿನ ಇಡ್ಲಿಯಲ್ಲ, ಆರ್ಡರ್ ಮಾಡಿದ ತಕ್ಷಣ ಬರುವುದಕ್ಕೆ.

ಊಟ ಸುಮಾರು. ಎಚ್.ಡಿ. ಕೋಟೆಗೆ ಹೋಗಿ ಪನೀರ್ ಬಟರ್ ಮಸಾಲ ತಿನ್ನುವ ಕರ್ಮ ಯಾಕೋ. ಅತ್ತೆ ಮುದ್ದೆ ಸಿಗುತ್ತಾ ಅಂತ ಕೇಳಿದ ಮೇಲೆ ಮಾರನೆಯ ದಿನ ಹುರುಳಿಕಾಳು ಸಾರು ಮುದ್ದೆ ಮಾಡಿಕೊಟ್ಟರು. ಅದು ಅಲ್ಲಿ ತಿಂದದ್ದರಲ್ಲೆಲ್ಲ ಚೆನ್ನಾಗಿತ್ತು. ರೂಮು, ಬಿಸಿನೀರು, ವೈಫೈ ಯಾವುದಕ್ಕೂ ತಕರಾರಿಲ್ಲ.

ಈಗ ಗೈಡ್ ವಿಷಯಕ್ಕೆ ಬರುತ್ತೇನೆ. ರೆಸಾರ್ಟಿನ ನ್ಯಾಚುರಲಿಸ್ಟ್ ಅಂತ ಒಬ್ಬರು ಗಾಡಿಯಲ್ಲಿ ನಮ್ಮ ಜೊತೆ ಬರುತ್ತಾರೆ. ಹಕ್ಕಿಗಳ ಹೆಸರು ಬಾಯಿಪಾಠ, ಇಂಗ್ಲಿಷ್ ನೀರು ಕುಡಿದ ಹಾಗೆ. ಗೇಟು ದಾಟಿದ ಕೂಡಲೇ ಅವರು ಒಂದು ಭಾಷಣ ಮಾಡಿದರು. ಇದು ಮನುಷ್ಯರ ಕೈ ಸೋಕದ ಕಾಡು, ಸಾವಿರಾರು ವರ್ಷದಿಂದ ಹೀಗೇ ಇದೆ, ಮೊದಲು ಮಹಾರಾಜರು ಬೇಟೆಗೆ ಬರುತ್ತಿದ್ದರು, ಆಮೇಲೆ ಸರ್ಕಾರ ಕಾಪಾಡಿತು. ಇಷ್ಟೇ. ನಾನು ಮೈಸೂರಿನವಳು, ಹಾಡಿ ಅಂದರೆ ಕಾಡಿನ ಆದಿವಾಸಿಗಳ ಊರು ಅಂತ ಗೊತ್ತಿದ್ದವಳು, ಸುಮ್ನೆ ಕೇಳಿದೆ: "ಹಾಡಿಗಳು ಇದ್ದವಲ್ವಾ ಒಳಗೆ?" ಅವರು ನಕ್ಕು, "ಇಲ್ಲ ಮೇಡಂ, ಅವೆಲ್ಲ ಹೊರಗಡೆ, ಬಫರ್‌ನಲ್ಲಿ" ಅಂದರು. ಡ್ರೈವರ್ ಮಾತಾಡಲಿಲ್ಲ. ಗೇರ್ ಬದಲಾಯಿಸಿದ, ಅಷ್ಟೇ.

ಕೈ ಸೋಕದ ಕಾಡು ಅಂದರಲ್ಲ, ಆಗ ನಾವು ಹೋಗುತ್ತಿದ್ದುದು ತೇಗದ ನೆಡುತೋಪಿನ ನಡುವೆ. ಸಾಲು ಸಾಲಾಗಿ ನಿಂತ ಮರಗಳು. ತೇಗ ತಾನಾಗಿ ಸಾಲಿನಲ್ಲಿ ಹುಟ್ಟುವುದಿಲ್ಲ ಅಂತ ನನ್ನ ಮಗಳಿಗೂ ಗೊತ್ತು. ಬ್ರಿಟಿಷರ ಕಾಲದಿಂದ ಇಲಾಖೆ ಇಲ್ಲಿ ತೇಗ ನೆಡಿಸಿತು. ಗುಂಡಿ ತೋಡಿ ಗಿಡ ನೆಟ್ಟವರಲ್ಲಿ ಜೇನುಕುರುಬರು, ಬೆಟ್ಟಕುರುಬರು, ಯರವರು ಇದ್ದರು. ಅವರ ಹಾಡಿಗಳು ಈ ಕಾಡಿನೊಳಗೇ ಇದ್ದವು. ಆನೆ ಹಿಡಿಯುವ ಖೆಡ್ಡಾಕ್ಕೂ ಅವರೇ ಬೇಕಾಗಿತ್ತು. ಇದೇ ಕಾಡಿನ ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ರೆಸಾರ್ಟಿನ ಊಟದ ಹಾಲಿನಲ್ಲಿ ಖೆಡ್ಡಾದ ಒಂದು ದೊಡ್ಡ ಕಪ್ಪುಬಿಳುಪು ಫೋಟೋ ತೂಗು ಹಾಕಿದ್ದಾರೆ. ನದಿಯಲ್ಲಿ ಆನೆಗಳು, ದಡದ ಚಪ್ಪರದ ಮೇಲೆ ಹ್ಯಾಟು ಹಾಕಿಕೊಂಡ ಅತಿಥಿಗಳು, ಮುಂದೆ ಮೊಣಕಾಲುದ್ದ ನೀರಿನಲ್ಲಿ ಬರಿಮೈಯಲ್ಲಿ ಹಗ್ಗ, ಬಿದಿರಿನ ಗಳು ಹಿಡಿದ ಗಂಡಸರು. ಕೆಳಗಿನ ಬರಹದಲ್ಲಿ ಮಹಾರಾಜರಿದ್ದಾರೆ, ಅತಿಥಿಗಳಿದ್ದಾರೆ, ಆನೆಗಳ ಲೆಕ್ಕ ಇದೆ. ಹಗ್ಗ ಹಿಡಿದವರು ಯಾರು ಅಂತ ಒಂದಕ್ಷರ ಇಲ್ಲ. ಅದೇ ಹಾಲಿನಲ್ಲಿ ಬೆಳಗಿನ ತಿಂಡಿಗೆ ಜೇನುತುಪ್ಪ ಇಟ್ಟಿದ್ದರು. ಯಾವುದೋ ಕಂಪನಿಯ ಪುಟ್ಟ ಪ್ಲಾಸ್ಟಿಕ್ ಡಬ್ಬಿ, ಬೆರಳಗಲದ್ದು. ಜೇನು ತೆಗೆಯುವುದನ್ನೇ ಜಾತಿಯ ಹೆಸರಲ್ಲಿ ಹೊತ್ತ ಜನ ರಸ್ತೆಯ ಆಚೆ ಇದ್ದಾರೆ. ಅವರು ಉದ್ಯಾನದೊಳಗೆ ಹೆಜ್ಜೇನಿಗೆ ಹೋದರೆ ಕೇಸು.

ಸಂಜೆ ಸಫಾರಿಯಲ್ಲಿ ಒಂದು ಬಯಲು ಸಿಕ್ಕಿತು. ಕಾಡು ಥಟ್ಟನೆ ಬಿಚ್ಚಿಕೊಂಡು ಹುಲ್ಲು, ಹುಲ್ಲಿನಲ್ಲಿ ಕಾಟಿಗಳು. ಹೋರಿಯೊಂದು ಕಾಲಿಗೆ ಬಿಳಿ ಸಾಕ್ಸ್ ಹಾಕಿಕೊಂಡು ನಮ್ಮನ್ನೇ ನೋಡುತ್ತಾ ನಿಂತಿತ್ತು. ಇಡೀ ಪ್ರವಾಸದಲ್ಲಿ ನಮಗೆ ಸಿಕ್ಕ ಒಳ್ಳೆಯ ಫೋಟೋ ಅದೇ. ನ್ಯಾಚುರಲಿಸ್ಟ್ "ನ್ಯಾಚುರಲ್ ಗ್ರಾಸ್‌ಲ್ಯಾಂಡ್" ಅಂದರು. ಆದರೆ ಬಯಲಿನ ಅಂಚಿಗೆ ಒಂದು ದೊಡ್ಡ ಹುಣಸೆ ಮರ, ಅದರ ಪಕ್ಕ ಇನ್ನೊಂದು. ಮಧ್ಯ ಕಾಡಿನಲ್ಲಿ ಜೋಡಿ ಹುಣಸೆ ಯಾಕೆ ಬರುತ್ತದೆ ಅಂತ ಹಳ್ಳಿಯಲ್ಲಿ ಬೆಳೆದವರನ್ನು ಕೇಳಿ. ನಮ್ಮತ್ತೆ ಮೆಲ್ಲಗೆ, "ಇಲ್ಲಿ ಮನೆ ಇದ್ವು ಕಣೇ" ಅಂದರು. ಆಮೇಲೆ ಗಾಡಿ ನಿಲ್ಲಿಸುವ ಜಾಗದಲ್ಲಿ ಟೀ ಕುಡಿಯುತ್ತಾ ಡ್ರೈವರ್ ಹುಡುಗನನ್ನು ಕೇಳಿದೆವು. ನ್ಯಾಚುರಲಿಸ್ಟ್ ದೂರ ಇದ್ದದ್ದನ್ನು ನೋಡಿಕೊಂಡು ಹೇಳಿದ. ಅವನ ಅಜ್ಜನ ಹಾಡಿ ಅಲ್ಲಿಂದ ಇನ್ನಷ್ಟು ಒಳಗಡೆ ಇತ್ತಂತೆ. ಅಪ್ಪ ಚಿಕ್ಕ ಹುಡುಗನಿದ್ದಾಗ ಗುಡಿಸಲು ಕಿತ್ತು, ಸಾಮಾನು ಸಮೇತ ಹೊರಗೆ ತಂದು ಬಿಟ್ಟರಂತೆ. ದೇವರ ಕಲ್ಲು ಅಲ್ಲೇ ಉಳಿಯಿತು. ಪೂಜೆಗೆ ಬಿಡುತ್ತಾರಾ ಅಂದರೆ, "ಕೇಳಿದ್ರೆ ಬಿಡ್ತಾರೆ ಅಕ್ಕ. ಸಾಹೇಬರು ಒಳ್ಳೇವ್ರಿದ್ರೆ ಬಿಡ್ತಾರೆ. ಬೆಳಕಿದ್ದಂಗೇ ಬಂದ್ಬಿಡ್ಬೇಕು." ಇಷ್ಟು ಹೇಳಿ ಲೋಟ ತೊಳೆದಿಡಲು ಹೋದ.

ಇದು ಒಬ್ಬ ಹುಡುಗನ ಮನೆ ಕಥೆಯಲ್ಲ. 1972ರಲ್ಲಿ ವನ್ಯಜೀವಿ ಕಾಯ್ದೆ ಬಂತು. 1973ರಲ್ಲಿ ಪಕ್ಕದ ಬಂಡೀಪುರ, ಹುಲಿ ಯೋಜನೆಗೆ ಸೇರಿದ ದೇಶದ ಮೊದಲ ಒಂಬತ್ತು ಕಾಡುಗಳಲ್ಲಿ ಒಂದಾಯಿತು. 1974ರಲ್ಲಿ ಕಬಿನಿ ಅಣೆಕಟ್ಟು ಮುಗಿದು ನೀರು ನಿಂತಿತು. ಆ ನೀರಿನಲ್ಲಿ ಹಳ್ಳಿಗಳೂ ಹೋದವು, ಹಾಡಿಗಳೂ ಹೋದವು, ಹಿಂದಿನ ಕಾಲದ ಪುನ್ನಾಟ ರಾಜರ ರಾಜಧಾನಿ ಕೀರ್ತಿಪುರ ಅನ್ನುವ ಕಿತ್ತೂರೂ ಹೋಯಿತು. ಬೋಟ್ ಸಫಾರಿಯಲ್ಲಿ ನೀರಿನಿಂದ ಮೇಲೆ ನಿಂತ ಒಣ ಮರಗಳ ಮೇಲೆ ನೀರುಕಾಗೆ ರೆಕ್ಕೆ ಒಣಗಿಸುವುದನ್ನು ತೋರಿಸುತ್ತಾರಲ್ಲ, ಅವೆಲ್ಲ ಮುಳುಗಿದ ಕಾಡಿನ ಮರಗಳು. ಆಮೇಲೆ ನಾಗರಹೊಳೆ ರಾಷ್ಟ್ರೀಯ ಉದ್ಯಾನ ಆಯಿತು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಹಾಡಿ ಹಾಡಿಯನ್ನೇ ಎಬ್ಬಿಸಿದರು. ಎಬ್ಬಿಸಿದವರಿಗೆ ಕಾಗದ ಇಲ್ಲ, ಪರಿಹಾರ ಇಲ್ಲ, ಎಲ್ಲಿಗೆ ಹೋಗಬೇಕು ಅನ್ನುವುದೂ ಇಲ್ಲ. ಜಾಸ್ತಿ ಜನ ಹೋಗಿದ್ದು ಕೊಡಗಿನ ಕಾಫಿ ತೋಟಗಳ ಲೈನ್‌ಮನೆಗೆ, ಅಂದರೆ ಕೂಲಿಯವರ ಸಾಲುಮನೆಗೆ. ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿಯವರ ಸಮಿತಿ 2014ರಲ್ಲಿ ವರದಿ ಕೊಟ್ಟಾಗ, ಹೀಗೆ ನೆಲೆ ಕಳೆದುಕೊಂಡವು 3,418 ಕುಟುಂಬ ಅಂತ ಲೆಕ್ಕ ಹಾಕಿತು. ಕುಟುಂಬ, ತಲೆ ಅಲ್ಲ. ಗೈಡ್ ಲೆಕ್ಕದಲ್ಲಿ ಸೊನ್ನೆ.

ರೆಸಾರ್ಟ್ ಬಗ್ಗೆ ಬರೆಯುವಾಗ ಇನ್ನೊಂದು ಹಳೆಯ ವಿಷಯ ಹೇಳಲೇಬೇಕು. ತೊಂಬತ್ತರ ದಶಕದಲ್ಲಿ ನಾಗರಹೊಳೆಯೊಳಗೆ ಮೂರ್ಕಲ್‌ನಲ್ಲಿ ತಾಜ್ ಗುಂಪಿನ ಕಂಪನಿಗೆ ರೆಸಾರ್ಟ್ ನಡೆಸಲು ಜಾಗ ಗುತ್ತಿಗೆ ಕೊಟ್ಟಿದ್ದರು. ಹಾಡಿಯವರು ಒಳಗೆ ಹಂಚು ಬದಲಾಯಿಸಬೇಕಾದರೂ ಇಲಾಖೆ ತಡೆಯುವ ಕಾಲ ಅದು. ಆದಿವಾಸಿಗಳು ಗೇಟಿನ ಮುಂದೆ ಕೂತರು, ಬಂಧನ ಆಯಿತು, ಕೋರ್ಟಿಗೂ ಹೋದರು. 1997ರಲ್ಲಿ ಹೈಕೋರ್ಟ್ ಆ ಗುತ್ತಿಗೆ ಕಾನೂನಿಗೆ ವಿರುದ್ಧ ಅಂದಿತು. ಕೇಂದ್ರದ ಒಪ್ಪಿಗೆ ಇಲ್ಲದೆ ಕಾಡಿನ ಜಮೀನು ಕೊಟ್ಟಿದ್ದೇ ತಪ್ಪು ಅಂತ. ಅಲ್ಲಿನ ಕಟ್ಟಡ ಅತಿಥಿಗಳನ್ನು ನೋಡಲೇ ಇಲ್ಲ. ಅದೇ ಹೊತ್ತಿಗೆ ವಿಶ್ವಬ್ಯಾಂಕ್ ದುಡ್ಡಿನ ಪರಿಸರ ಅಭಿವೃದ್ಧಿ ಯೋಜನೆ ಬಂತು. ಅದರ ವಿರುದ್ಧ ಇಲ್ಲಿನವರು ಬ್ಯಾಂಕಿನ ತಪಾಸಣಾ ಸಮಿತಿಗೇ ದೂರು ಕೊಟ್ಟರು, ಸಮಿತಿಯವರು 1998ರಲ್ಲಿ ನಾಗರಹೊಳೆಗೆ ಬಂದು ನೋಡಿದರು. ಓದು ಬರಹ ಇಲ್ಲದ ಮುಗ್ಧರು ಅಂತ ರೆಸಾರ್ಟಿನ ಮೈಕಿನಲ್ಲಿ ಹೇಳುತ್ತಾರಲ್ಲ, ಆ ಜನ ವಾಷಿಂಗ್ಟನ್‌ವರೆಗೆ ಅರ್ಜಿ ಮುಟ್ಟಿಸಿದವರು.

ಮೈಕು ಅಂದ ಮೇಲೆ ಕ್ಯಾಂಪ್‌ಫೈರ್. ರಾತ್ರಿ ಬೆಂಕಿ ಹಾಕಿ, ಕುರ್ಚಿ ಇಟ್ಟು, "ಟ್ರೈಬಲ್ ಡ್ಯಾನ್ಸ್" ಅಂತ ಕಾರ್ಯಕ್ರಮ. ಒಬ್ಬರು ಮೈಕು ಹಿಡಿದು "ಕಾಡಿನ ಮುಗ್ಧ ಮಕ್ಕಳು" ಅಂತ ಪರಿಚಯಿಸಿದರು. ಬಂದವರು ಅಜ್ಜಿಯರು, ನಡುವಯಸ್ಸಿನ ಹೆಂಗಸರು, ಮೂವರು ಹುಡುಗರು. ಒಂದೇ ಬಣ್ಣದ ಸೀರೆ ರೆಸಾರ್ಟಿನವರೇ ಕೊಟ್ಟದ್ದಿರಬೇಕು, ಮಡಿಕೆ ಗೆರೆ ಇನ್ನೂ ಹೋಗಿರಲಿಲ್ಲ. ಹಾಡು ಚೆನ್ನಾಗಿತ್ತು, ಆದರೆ ಅರ್ಧದಲ್ಲಿ ನಿಲ್ಲಿಸಿದರು, ಬಫೆ ತಣ್ಣಗಾಗುತ್ತದೆ ಅಂತ. ತಟ್ಟೆ ಸುತ್ತು ಬಂತು, ಜನ ನೂರು ಇನ್ನೂರು ಹಾಕಿದರು. ಮುಗಿದ ಮೇಲೆ ನಮ್ಮತ್ತೆ ಒಬ್ಬ ಅಜ್ಜಿಯ ಪಕ್ಕ ಹೋಗಿ ಕೂತು, "ನಿಮ್ದು ಯಾವ ಹಾಡಿ ಅಮ್ಮ?" ಅಂತ ಕೇಳಿದರು. ಆಕೆ ಎಲೆ ಅಡಿಕೆ ಬಾಯಿಗೆ ಹಾಕಿಕೊಂಡು, "ಈಗಿಂದಾ, ಮೊದ್ಲಿಂದಾ?" ಅಂದರು.

ಹಾಡಿಗಳ ವಿಷಯ ಗೈಡ್ ಯಾಕೆ ಹೇಳುವುದಿಲ್ಲ ಅಂತ ನಾನು ರೆಸಾರ್ಟ್ ಮ್ಯಾನೇಜರ್‌ನೂ ಕೇಳಿದೆ. ಒಳ್ಳೆಯ ಮನುಷ್ಯರೇ. "ಗೆಸ್ಟ್‌ಗಳು ರಿಲ್ಯಾಕ್ಸ್ ಆಗೋಕೆ ಬರ್ತಾರೆ ಮೇಡಂ, ಇದೆಲ್ಲ ಸೆನ್ಸಿಟಿವ್" ಅಂದರು. ನನಗೆ ಅರ್ಥ ಆಗುವುದಿಲ್ಲ. ಹೆಣ್ಣು ಚಿರತೆ ಮರಿಗಳನ್ನು ಕಳೆದುಕೊಂಡ ಕಥೆ ಹೇಳಿ ಗಾಡಿಯವರನ್ನೆಲ್ಲ ಅಳಿಸಬಹುದು, ಅದಕ್ಕೆ ರಿಲ್ಯಾಕ್ಸ್ ಕೆಡುವುದಿಲ್ಲ. ಇಲ್ಲಿ ಒಂದು ಹಾಡಿ ಇತ್ತು ಅಂತ ಒಂದು ವಾಕ್ಯ ಹೇಳಿದರೆ ಕೆಡುತ್ತದಾ?

ಇಷ್ಟು ಓದಿ, ಹಾಗಾದರೆ ಹುಲಿ ಬೇಡವಾ, ಕಾಡೊಳಗೆ ಜನ ಇದ್ದರೆ ಕಾಡು ಉಳಿಯುತ್ತಾ ಅಂತ ಕೇಳುವವರು ಇರುತ್ತಾರೆ. ನಮ್ಮ ಮನೆಯಲ್ಲೇ ಇದ್ದಾರೆ, ವಾಪಸ್ ಬರುವಾಗ ಎಚ್.ಡಿ. ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟ್ ದಾಟುವವರೆಗೂ ಯಜಮಾನರದು ಅದೇ ವಾದ. ಹುಲಿ ಬೇಕು. ನಾಗರಹೊಳೆಯಲ್ಲಿ ಹುಲಿ ಚೆನ್ನಾಗಿ ಉಳಿದಿದೆ, ಅದಕ್ಕೆ ಬೇಟೆ ತಡೆದದ್ದು, ಕಾವಲು ಕಾದದ್ದು ಕಾರಣ, ಆ ಕಾವಲುಗಾರರಲ್ಲೂ ಹಾಡಿಯ ಹುಡುಗರಿದ್ದಾರೆ. ರಸ್ತೆ, ಶಾಲೆ, ಆಸ್ಪತ್ರೆ ಬೇಕು ಅಂತ ತಾವೇ ಒಪ್ಪಿ ಹೊರಗೆ ಬಂದ ಕುಟುಂಬಗಳೂ ಇವೆ. ಹುಣಸೂರು ತಾಲ್ಲೂಕಿನ ನಾಗಾಪುರದ ಪುನರ್ವಸತಿ ಕೇಂದ್ರದಲ್ಲಿ ಮನೆ, ಜಮೀನು ಸಿಕ್ಕವರಿದ್ದಾರೆ. ಹುಲಿ ಕಾಡು ಬಿಟ್ಟು ಬರುವ ಕುಟುಂಬಕ್ಕೆ ಕೇಂದ್ರದ ಪರಿಹಾರ 2021ರಿಂದ 15 ಲಕ್ಷ. ಆದರೆ ಒಪ್ಪಿ ಬಂದವರು ಬೇರೆ, ಎಪ್ಪತ್ತು ಎಂಬತ್ತರಲ್ಲಿ ಗುಡಿಸಲು ಕಿತ್ತು ಹೊರಗೆ ಹಾಕಿಸಿಕೊಂಡವರು ಬೇರೆ. ಇಬ್ಬರನ್ನೂ ಒಂದೇ ಚೀಲಕ್ಕೆ ತುಂಬಬೇಡಿ. 2006ರ ಅರಣ್ಯ ಹಕ್ಕು ಕಾಯ್ದೆ ಕೂಡ ಇದನ್ನೇ ಹೇಳುತ್ತದೆ: ಹಕ್ಕು ಗುರುತಿಸಿ ಮುಗಿಸುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ, ಅನ್ಯಾಯವಾಗಿ ಎಬ್ಬಿಸಿದ್ದರೆ ಅವರ ಹಕ್ಕು ಉಳಿಯುತ್ತದೆ. ಮತ್ತೆ, ಜನ ಇದ್ದರೆ ಕಾಡು ಹಾಳು ಅನ್ನುವುದಾದರೆ ಬೆಳಗ್ಗೆ ಸಂಜೆ ಸಾಲುಗಟ್ಟಿ ಹೋಗುವ ನಮ್ಮ ಡೀಸೆಲ್ ಗಾಡಿಗಳು ಏನು? ಈ ಪ್ರಶ್ನೆಗೆ ಯಜಮಾನರು ರೇಡಿಯೋ ಹಾಕಿದರು.

ನಾವು ಬಂದು ಸ್ವಲ್ಪ ದಿನಕ್ಕೇ ಪೇಪರ್‌ನಲ್ಲಿ ಸುದ್ದಿ. ಮೇ 5ಕ್ಕೆ, ಕಾಡಿನ ಇನ್ನೊಂದು ಮಗ್ಗುಲು, ಕೊಡಗಿನ ಕಡೆ, ಕರಡಿಕಲ್ಲು ಅತ್ತೂರು ಕೊಲ್ಲಿ ಹಾಡಿಯ 52 ಜೇನುಕುರುಬ ಕುಟುಂಬಗಳು ಹಳೆಯ ಜಾಗಕ್ಕೆ ವಾಪಸ್ ನಡೆದು ಹೋಗಿ ಪ್ಲಾಸ್ಟಿಕ್ ಹೊದಿಸಿ ಗುಡಿಸಲು ಹಾಕಿದರು. ಅವರನ್ನು ಎಬ್ಬಿಸಿ ನಲವತ್ತು ವರ್ಷ ಆಗಿತ್ತು, ಅಷ್ಟು ವರ್ಷ ತೋಟಗಳಲ್ಲಿ ಕೂಲಿ. ಇಲಾಖೆಯವರು, ಪೊಲೀಸರು, ಹುಲಿ ಸಂರಕ್ಷಣಾ ಪಡೆಯವರು ಎಲ್ಲ ಬಂದು ಸುತ್ತ ನಿಂತರು. ಫೋಟೋದಲ್ಲಿ ಒಂದು ಕಡೆ ಲಾಠಿ, ಇನ್ನೊಂದು ಕಡೆ ಮಗು ಎತ್ತಿಕೊಂಡ ಹೆಂಗಸು, ಕೈಯಲ್ಲಿ ಜಾಗದ ನಕ್ಷೆ. ಅದಕ್ಕೂ ಮೊದಲು, 2016ರ ಡಿಸೆಂಬರ್‌ನಲ್ಲಿ, ಅದೇ ಕೊಡಗಿನ ದಿಡ್ಡಳ್ಳಿಯಲ್ಲಿ 577 ಗುಡಿಸಲುಗಳನ್ನು ಕೆಡವಿದ್ದನ್ನು ಟಿವಿಯಲ್ಲಿ ನೋಡಿದ್ದು ನೆನಪಿರಬೇಕು. ಅವರಲ್ಲೂ ತೋಟದ ಲೈನ್‌ಮನೆ ಬಿಟ್ಟು ಬಂದವರೇ ಜಾಸ್ತಿ. ಅಪ್ಪ ಅಮ್ಮ ಕಾಡಿನಿಂದ ಹೊರಗೆ, ಮಕ್ಕಳು ತೋಟದಿಂದ ಹೊರಗೆ. 2024ರಲ್ಲಿ ಕೇಂದ್ರದ ಹುಲಿ ಸಂರಕ್ಷಣಾ ಪ್ರಾಧಿಕಾರ ರಾಜ್ಯಗಳಿಗೆ ಬರೆದ ಪತ್ರದ ಪ್ರಕಾರ ದೇಶದ ಹುಲಿ ಕಾಡುಗಳ ನಡುಭಾಗದಲ್ಲಿ ಇನ್ನೂ 64,801 ಕುಟುಂಬಗಳಿವೆ, ಅವರ ಸ್ಥಳಾಂತರ ಬೇಗ ಆಗಬೇಕಂತೆ.

ಇನ್ನು ದಸರಾ ಹತ್ತಿರ ಬಂದಾಗ ಇದೇ ಕಾಡಿನ ಅಂಚಿನ ವೀರನಹೊಸಹಳ್ಳಿಯಿಂದ ಗಜಪಯಣ ಹೊರಡುತ್ತದೆ. ಮಂತ್ರಿಗಳು ಹೂ ಎರಚುತ್ತಾರೆ, ನಾವು ಮೈಸೂರಿನವರು ರಸ್ತೆಯಲ್ಲಿ ನಿಂತು ಆನೆಗಳ ಹೆಸರು ಕೂಗುತ್ತೇವೆ. ಆನೆ ಮೇಲೆ ಕೂತ ಮಾವುತ, ಕಾವಾಡಿಗಳಲ್ಲಿ ಎಷ್ಟೋ ಜನ ಜೇನುಕುರುಬರು. ಒಂದೆರಡು ತಿಂಗಳು ಅರಮನೆ ಆವರಣದಲ್ಲಿ ಟೆಂಟು, ಮಕ್ಕಳಿಗೆ ಅಲ್ಲೇ ಶಾಲೆ, ಪೇಪರ್‌ನಲ್ಲಿ ಫೋಟೋ. ಆಮೇಲೆ ಲಾರಿ ಹತ್ತಿಸಿ ಕಳಿಸುತ್ತೇವೆ.

ಸ್ಟಾರ್ ಕೊಡಲೇಬೇಕು ಅಂದರೆ: ಡ್ರೈವರ್‌ಗೆ 5, ಗಾಡಿಗೆ 4, ಊಟಕ್ಕೆ 3, ಅದರಲ್ಲಿ ಒಂದು ಮುದ್ದೆಗೆ. ವಿವರಣೆಗೆ 1. ಕ್ಯಾಂಪ್‌ಫೈರಿಗೆ ಏನೂ ಕೊಡುವುದಿಲ್ಲ.

ಹೋಗಬೇಡಿ ಅನ್ನುವುದಿಲ್ಲ. ಆನೆ ಹಿಂಡು ನೋಡಬೇಕಾದ್ದೇ, ಮಾರ್ಚ್‌ನಿಂದ ಮೇ ಒಳಗೆ ಹೋದರೆ ಒಳ್ಳೆಯದು. ಬುಕ್ ಮಾಡುವಾಗಲೇ ಫೋನಿನಲ್ಲಿ ಕೇಳಿ: ಗೈಡ್ ಆಗಿ ಹಾಡಿಯವರನ್ನು ಇಟ್ಟುಕೊಂಡಿದ್ದೀರಾ, ಇಲ್ಲ ಗಾಡಿ ಓಡಿಸುವುದಕ್ಕೆ, ಪಾತ್ರೆ ತೊಳೆಯುವುದಕ್ಕೆ ಮಾತ್ರಾನಾ? ಕುಣಿಯಲು ಬರುವವರಿಗೆ ಕೂಲಿ ಕೊಡುತ್ತೀರಾ, ಇಲ್ಲ ತಟ್ಟೆ ದುಡ್ಡೇನಾ? ಹತ್ತು ಜನ ಕೇಳಿದರೆ ಹನ್ನೊಂದನೆಯವರಿಗೆ ಉತ್ತರ ತಯಾರಿರುತ್ತದೆ, ವ್ಯಾಪಾರ ಅಂದರೆ ಹಾಗೇ ಅಲ್ವಾ. ಟಿಪ್ ಕೊಡುವುದಾದರೆ ಡ್ರೈವರ್ ಕೈಗೇ ಕೊಡಿ, ರಿಸೆಪ್ಷನ್ ಡಬ್ಬಿಗೆ ಬೇಡ. ಅವರ ಹಾಡು ಕುಣಿತ ನೋಡಲೇಬೇಕು ಅಂತಿದ್ದರೆ ಮೇ ತಿಂಗಳಲ್ಲಿ ಗೋಣಿಕೊಪ್ಪದ ಹತ್ತಿರ ದೇವರಪುರದ ಕುಂಡೆ ಹಬ್ಬಕ್ಕೆ ಹೋಗಿ. ಅಲ್ಲಿ ನಿಮಗೆ ಕುರ್ಚಿ ಹಾಕುವುದಿಲ್ಲ. ವೇಷ ಹಾಕಿಕೊಂಡು ಬಂದು, ದೇವರಿಂದ ಹಿಡಿದು ತೋಟದ ಸಾಹುಕಾರರವರೆಗೆ ಎಲ್ಲರನ್ನೂ ಬೈದು, ನಿಮ್ಮನ್ನೂ ಬಾಯಿ ತುಂಬ ಬೈದು ದುಡ್ಡು ಕೇಳುತ್ತಾರೆ. ಕೊಡಬೇಕು. ಬೈಗುಳ ಅಂದರೆ ಅಂಥಿಂಥ ಬೈಗುಳ ಅಲ್ಲ, ಸಣ್ಣ ಮಕ್ಕಳನ್ನು ಕರೆದುಕೊಂಡು ಹೋಗುವವರು ಯೋಚನೆ ಮಾಡಿ ಹೋಗಿ.